ಶಂಕ್ರೆಪ್ಪನ ಇಪ್ಪತ್ತೈದನೆಯ ಶ್ಯಾಕಲ್

ವಿಠ್ಠಲವಾಡಿ ಸ್ಟೇಷನ್ನಿನ ಪೂರ್ವಕ್ಕೆ, ರೈಲು ಹಳಿಗೆ ಬೆನ್ನು ಮಾಡಿ ನಿಂತ ಒಂದು ಚಾಳಿನಲ್ಲಿ ಶಂಕ್ರೆಪ್ಪನ ಮನೆ. ಇಂಡಿ ತಾಲ್ಲೂಕಿನ ಹಳ್ಳಿಯಿಂದ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹೊರಟು ಬಂದವನು ಮೊದಲ ಆರು ವರ್ಷ ತುರ್ಭೆಯ ಮಾರುಕಟ್ಟೆಯಲ್ಲಿ ಈರುಳ್ಳಿ ಚೀಲ ಹೊತ್ತ. ಆಮೇಲೆ ಕಲ್ಯಾಣದ ಮಂಟಪ ಹಾಕುವವರ ಬಳಿ ಬಿದಿರು ಕಟ್ಟಿದ. ಅಲ್ಲಿಂದ ಡೊಂಬಿವಲಿಯ ಮೋಹನದಾಸರ ಸೌಂಡ್ ಕಂಪನಿಗೆ ಬಂದು ಈಗ ಇಪ್ಪತ್ತೆರಡು ವರ್ಷವಾಯಿತು. ದೊಡ್ಡ ಸಭೆಗಳಲ್ಲಿ ಸ್ಪೀಕರುಗಳನ್ನು ಎತ್ತರದಲ್ಲಿ ತೂಗುಹಾಕುವುದು, ಸಭೆ ಮುಗಿದು ಕಟ್ಟಕಡೆಯ ಕುರ್ಚಿ ಖಾಲಿಯಾಗುವ ತನಕ ಅವು ತೂಗಿಕೊಂಡೇ ಇರುವಂತೆ ನೋಡಿಕೊಳ್ಳುವುದು ಅವನ ಕಾಯಕ.

ಹಿಂದೆ ಸ್ಪೀಕರ್ ಎಂದರೆ ವೇದಿಕೆಯ ಎರಡು ಬದಿಗೆ ಗೋಡೆಯಂತೆ ಪೇರಿಸಿಟ್ಟ ಪೆಟ್ಟಿಗೆಗಳು. ಮುಂದೆ ಕುಳಿತವರ ಕಿವಿ ಒಡೆಯುತ್ತಿತ್ತು, ಹಿಂದೆ ಕುಳಿತವರಿಗೆ ಮಾತೇ ತಲುಪುತ್ತಿರಲಿಲ್ಲ. ಈಗಿನದು ಲೈನ್ ಅರೇ. ಎಂಟೋ ಹತ್ತೋ ಪೆಟ್ಟಿಗೆಗಳನ್ನು ಒಂದರ ಕೆಳಗೊಂದು ಜೋಡಿಸಿ, ಬಾಳೆಗೊನೆಯಂತೆ ಸ್ವಲ್ಪ ಬಾಗಿಸಿ, ಎತ್ತರದ ಟವರಿನಿಂದ ಇಳಿಬಿಡುತ್ತಾರೆ. ಮೇಲಿನ ಪೆಟ್ಟಿಗೆಗಳು ದೂರದವರಿಗೆ, ಕೆಳಗಿನವು ಹತ್ತಿರದವರಿಗೆ. ಕಡೆಯ ಸಾಲಿನ ಮುದುಕಿಗೂ ಮೊದಲ ಸಾಲಿನ ಮುಖಂಡನಿಗೂ ಭಗವಂತನ ನಾಮ ಒಂದೇ ಸಮನೆ ಕೇಳಿಸುವ ಏರ್ಪಾಡು ಇದು. ಕಂಡುಹಿಡಿದವರಿಗೆ ಪುಣ್ಯ ಬರಲಿ. ಆದರೆ ಒಂದೊಂದು ಪೆಟ್ಟಿಗೆಯೂ ನಲವತ್ತೈದು ಕಿಲೋ. ಎಂಟು ಪೆಟ್ಟಿಗೆ, ಮೇಲಿನ ಕಬ್ಬಿಣದ ಚೌಕಟ್ಟು ಸೇರಿದರೆ ನಾನೂರು ಕಿಲೋ ದಾಟುತ್ತದೆ. ಅಷ್ಟೂ ಭಾರ ನಿಂತಿರುವುದು ಅಂಗೈಯಲ್ಲಿ ಅಡಗುವ ಶ್ಯಾಕಲ್ ಎಂಬ ವಸ್ತುವಿನ ಮೇಲೆ: ಕುದುರೆಯ ಲಾಳದಂತೆ ಬಾಗಿದ ಉಕ್ಕು, ಅದರ ತೆರೆದ ಬಾಯಿಗೆ ಅಡ್ಡಲಾಗಿ ತಿರುಪಿನ ಒಂದು ಬೋಲ್ಟು.

ಶಂಕ್ರೆಪ್ಪನ ಓದು ನಾಲ್ಕನೆಯ ತರಗತಿಗೆ ಮುಗಿದಿತ್ತು. ಆದರೂ ಈ ಕೆಲಸದಲ್ಲಿ ಅವನಿಗೊಂದು ನೇಮವಿತ್ತು, ತ್ರಿಕಾಲ ಪೂಜೆ ಮಾಡುವವರಿಗಿರುವಂಥ ನೇಮ. ಟವರಿನ ಕಾಲುಗಳಿಗೆ ಸಿಮೆಂಟಿನ ಕಲ್ಲುಗಳ ಭಾರ ಹೇರಿ ಮುಗಿಯುವ ಮುನ್ನ ಪೆಟ್ಟಿಗೆಗಳನ್ನೆತ್ತುವ ಮೋಟಾರಿನ ಸರಪಳಿಗೆ ಕೈಹಾಕುತ್ತಿರಲಿಲ್ಲ. ಕೆಳಗೆ ಹಗ್ಗದ ಬೇಲಿ ಕಟ್ಟಿದ ಮೇಲೆ ಮಠದ ಸ್ವಾಮಿಗಳು ಬಂದರೂ ಒಳಗೆ ಬಿಡುತ್ತಿರಲಿಲ್ಲ. ಪೆಟ್ಟಿಗೆಗಳನ್ನು ಮೊಣಕಾಲೆತ್ತರಕ್ಕೆ ಎತ್ತಿಸಿ, ನಿಲ್ಲಿಸಿ, ಹತ್ತು ನಿಮಿಷ ಸುಮ್ಮನೆ ನೋಡುತ್ತಿದ್ದ. ಮೋಟಾರು ಕೈಕೊಟ್ಟರೂ ಭಾರ ಬೀಳದಿರಲೆಂದು ಪಕ್ಕದಲ್ಲಿ ಸಡಿಲವಾಗಿ ಒಂದು ಉಕ್ಕಿನ ಹಗ್ಗ ಕಟ್ಟುತ್ತಾರೆ. ಅದನ್ನು ‘ಸೇಫ್ಟಿ’ ಎನ್ನುತ್ತಾರೆ. ಅದನ್ನೂ ತಾನೇ ಎಳೆದು ನೋಡುತ್ತಿದ್ದ. ಎಲ್ಲ ಆದ ಮೇಲೆ ತಪಾಸಣೆಯ ಹಾಳೆಯಲ್ಲಿ ಕನ್ನಡದಲ್ಲಿ ತನ್ನ ಹೆಸರು ಬರೆಯುತ್ತಿದ್ದ. ಆ ಒಂದು ಹೆಸರಿದ್ದರೆ ಮೋಹನದಾಸರು ಮತ್ತೇನೂ ಕೇಳುತ್ತಿರಲಿಲ್ಲ.

ಇಷ್ಟು ನಿಷ್ಠೆಯ ಮನುಷ್ಯನೂ ಒಂದು ಸುಳ್ಳು ಹೇಳಿದ್ದ.

ಎಂಟು ವರ್ಷದ ಹಿಂದೆ ಘಣಸೋಲಿಯ ಒಂದು ಮೈದಾನದಲ್ಲಿ ಹಿಮ್ಮುಖವಾಗಿ ಬಂದ ಟ್ರಕ್ಕೊಂದು ಟವರಿನ ಕಾಲಿಗೆ ಗುದ್ದಿತು. ಮೇಲೆ ತೂಗುತ್ತಿದ್ದ ಪೆಟ್ಟಿಗೆಗಳ ಸಾಲು ತೊಟ್ಟಿಲಿನಂತೆ ಜೀಕಿತು. ಕೆಳಗೆ ಶಂಕ್ರೆಪ್ಪನೂ ಇದ್ದ, ಅವನ ಜೊತೆಗಾರ ಚೆನ್ನಯನೂ ಇದ್ದ. ಏನೂ ಬೀಳಲಿಲ್ಲ. ಇಳಿಸಿ ನೋಡಿದರೆ ಒಂದು ಶ್ಯಾಕಲ್ಲಿನ ಬಾಯಿ ಎರಡು ನೂಲಿನಷ್ಟು, ಅಂದರೆ ಕಾಲು ಇಂಚು, ಅಗಲಿತ್ತು, ಆದರೂ ಬಿಟ್ಟುಕೊಟ್ಟಿರಲಿಲ್ಲ. ತುಳಜಾಭವಾನಿಯೇ ಅದರಲ್ಲಿ ಕೈಯಿಟ್ಟು ಹಿಡಿದಳೆಂದು ಶಂಕ್ರೆಪ್ಪ ನಂಬಿದ. ಇನ್ನು ಬಳಸಬಾರದ್ದೆಂದು ಗುರುತಿಗೆ ಅದಕ್ಕೆ ಕೆಂಪು ಬಣ್ಣ ಬಳಿದು, ಮನೆಗೆ ತಂದು, ದೇವರ ಜಗಲಿಯ ಮೇಲಿನ ಮೊಳೆಗೆ ಸಿಗಿಸಿದ.

ಮೋಹನದಾಸರ ಮಗಳು ನಿಶ್ಮಿತಾ ಸೌಂಡ್ ಕಲಿತು ಮೂರು ವರ್ಷದ ಹಿಂದೆ ಕಂಪನಿಗೆ ಬಂದಳು. ಕೆಟ್ಟ ಶ್ಯಾಕಲ್ಲುಗಳನ್ನು ಬಣ್ಣ ಬಳಿದು ಬಿಟ್ಟರೆ ಸಾಲದು, ಯಾರೂ ಮತ್ತೆ ಬಳಸಲಾಗದಂತೆ ಕತ್ತರಿಸಿ ಎಸೆಯಬೇಕೆಂಬುದು ಅವಳು ತಂದ ನಿಯಮ. ಹಳೆಯ ಪಟ್ಟಿ ಹಿಡಿದು ಒಂದೊಂದನ್ನೇ ವಿಚಾರಿಸಿದಾಗ ಘಣಸೋಲಿಯದ್ದರ ಬಗ್ಗೆಯೂ ಕೇಳಿದಳು. ಜೀವ ಉಳಿಸಿದ್ದನ್ನು ಕತ್ತರಿಸಲು ಶಂಕ್ರೆಪ್ಪನಿಗೆ ಮನಸ್ಸು ಬರಲಿಲ್ಲ. “ಆಗಲೇ ಕಟ್ ಮಾಡೇನವಾ” ಎಂದುಬಿಟ್ಟ. ಅವಳು ಪಟ್ಟಿಯಲ್ಲಿ ಗೆರೆ ಎಳೆದಳು. ಅವನ ಮಾತನ್ನು ಪರೀಕ್ಷಿಸುವ ರೂಢಿ ಆ ಕಂಪನಿಯಲ್ಲಿ ಇರಲಿಲ್ಲ.

ಪ್ರತಿವರ್ಷ ಖಂಡೇನವಮಿಯಂದು ಗೋಡೌನಿನಲ್ಲಿ ಆಯುಧಪೂಜೆ. ಮೋಟಾರು, ಸರಪಳಿ, ಶ್ಯಾಕಲ್ಲುಗಳನ್ನೆಲ್ಲ ತೊಳೆದು ದೊಡ್ಡ ತಾಟಿನಲ್ಲಿಡುತ್ತಾರೆ. ಶಂಕ್ರೆಪ್ಪನ ಹೆಂಡತಿ ಚಂದ್ರಬಾಯಿ ಎಣ್ಣೆಯಲ್ಲಿ ಕುಂಕುಮ ಕಲಸಿ, ಗಾಳಿಗೆ ಹಾರಿಹೋಗದ ಹಾಗೆ ದಪ್ಪಗೆ ಬಳಿಯುತ್ತಾಳೆ. ಮೊಳೆಯ ಮೇಲಿನ ಶ್ಯಾಕಲ್ಲನ್ನೂ ಶಂಕ್ರೆಪ್ಪ ಅಂಗಿಯ ಕಿಸೆಯಲ್ಲಿ ತಂದು ತಾಟಿನಲ್ಲಿಟ್ಟು, ಮಂಗಳಾರತಿಯ ನಂತರ ಮತ್ತೆ ಕಿಸೆಗೆ ಹಾಕಿಕೊಳ್ಳುವುದು ವಾಡಿಕೆ. ಈ ವರ್ಷ ಮಂಗಳಾರತಿ ಮುಗಿಯುತ್ತಲೇ ಮೋಹನದಾಸರ ಫೋನು ಬಂತು. ಮರುದಿನ ಖಾರಘರದಲ್ಲಿ ಕನ್ನಡಿಗರ ಮಂಡಳಿಯೊಂದರ ದಸರಾ ಭಜನ ಸಮಾರಂಭ; ಮೈದಾನದ ನೆಲ ಮೆತ್ತಗಿದೆಯಂತೆ, ಟವರು ನಿಲ್ಲುವ ಜಾಗವನ್ನು ಈಗಲೇ ನೋಡಿ ಬರಬೇಕು. ಶಂಕ್ರೆಪ್ಪ ಪ್ರಸಾದವನ್ನು ಬಾಯಿಗೆ ಹಾಕಿಕೊಂಡು ಸ್ಟೇಷನ್ನಿಗೆ ಓಡಿದ. ಸಾಮಾನು ತುಂಬಿಸಿದವನು ಚೆನ್ನಯ. ಅವನು ತಾಟಿನಲ್ಲಿದ್ದ ಶ್ಯಾಕಲ್ಲುಗಳನ್ನೆಲ್ಲ ಎತ್ತಿ ಸಾಮಾನಿನ ಪೆಟ್ಟಿಗೆಗೆ ಸುರಿದ.

ದಸರೆಯ ದಿನ ಮಧ್ಯಾಹ್ನ ಒಂದೂವರೆಯೊಳಗೆ ಖಾರಘರದ ಮೈದಾನದಲ್ಲಿ ಎರಡೂ ಸಾಲು ಮೇಲೇರಿದ್ದವು. ಸಾಮಾನ್ಯವಾಗಿ ಶಂಕ್ರೆಪ್ಪ ಪ್ರತಿ ಶ್ಯಾಕಲ್ಲನ್ನು ಅರಿವೆಯಿಂದ ಒರೆಸಿ, ಹೆಬ್ಬೆರಳು ಆಡಿಸಿ ಕೊಡುತ್ತಿದ್ದ. ಆ ದಿನ ಒರೆಸಲಿಲ್ಲ. ಪೂಜೆಯ ಕುಂಕುಮವನ್ನು ಹಬ್ಬ ಕಳೆಯುವ ಮುನ್ನ ಒರೆಸುವುದುಂಟೆ? ಎಲ್ಲವೂ ಕೆಂಪಗೆ, ಎಣ್ಣೆಯಿಂದ ಮಿನುಗುತ್ತ ಒಂದೇ ರೀತಿ ಇದ್ದವು. ಕಣ್ಣಾಡಿಸಿ ಕೊಟ್ಟ, ಚೆನ್ನಯ ಹಾಕಿದ, ಹಾಳೆಯ ಮೇಲೆ ಹೆಸರು ಬಿತ್ತು.

ಊಟಕ್ಕೆ ಕೂರುವ ಮುನ್ನ ಉಳಿದ ಶ್ಯಾಕಲ್ಲುಗಳನ್ನು ಎಣಿಸುವುದೂ ಅವನ ನೇಮಗಳಲ್ಲೊಂದು.

“ಚೆನ್ನಯ, ಪೆಟ್ಟಿಗ್ಯಾಗ ಎಷ್ಟ ಉಳದಾವು?”

“ಹದಿಮೂರು ಉಂಟು ಶಂಕ್ರಣ್ಣ. ಯಾಕೆ, ಕಮ್ಮಿ ಆಯ್ತಾ?”

“ಹೆಚ್ಚಾತು.”

ಪೆಟ್ಟಿಗೆಯಲ್ಲಿ ಇರಬೇಕಾದದ್ದು ಒಟ್ಟು ಇಪ್ಪತ್ತನಾಲ್ಕು. ಒಂದೊಂದು ಬದಿಗೆ ಆರರಂತೆ ಹನ್ನೆರಡು ಮೇಲೆ ಹೋಗಿವೆ. ಉಳಿಯಬೇಕಾದದ್ದು ಹನ್ನೆರಡು.

“ಹೆಚ್ಚಾದ್ರೆ ಒಳ್ಳೇದೇ ಅಲ್ವಾ ಮಾರಾಯ್ರೆ? ದೇವಿ ಕೊಟ್ಟ ಪ್ರಸಾದ ಅಂತ ಇಟ್ಕೊಳಿ. ಅನ್ನ ತಣ್ಣಗಾಗ್ತದೆ, ಬನ್ನಿ.”

ಶಂಕ್ರೆಪ್ಪ ಬರಲಿಲ್ಲ. ಟ್ರಕ್ಕಿನ ಮರೆಗೆ ಹೋಗಿ ಮನೆಗೆ ಫೋನು ಹಚ್ಚಿದ.

“ಜಗಲಿ ಮ್ಯಾಲಿನ ಮೊಳಿಗೆ ಏನರೆ ಐತೇನ ನೋಡ.”

“ಮೊಳಿ ಐತಿ, ಮತ್ತೇನಿಲ್ಲ,” ಎಂದಳು ಚಂದ್ರಬಾಯಿ. “ನಿನ್ನಿ ನೀವ ತಂದ ಸಿಗಿಸಲೇ ಇಲ್ಲಲ್ಲ? ಬನ್ನಿ ಕೊಡಾಕ ಮಂದಿ ಬರಾಕ ಹತ್ಯಾರ. ನೀವ ಯಾವಾಗ ಬರ್ತೀರಿ?”

ಅವನು ಫೋನು ಇಟ್ಟ. ಸೀಮೆಎಣ್ಣೆಯಲ್ಲಿ ಅರಿವೆ ಅದ್ದಿ, ಮನಸ್ಸಿನಲ್ಲೇ ತಾಯಿಯ ಕ್ಷಮೆ ಕೇಳಿ, ಪೆಟ್ಟಿಗೆಯಲ್ಲಿದ್ದ ಹದಿಮೂರನ್ನೂ ಒಂದೊಂದಾಗಿ ಒರೆಸತೊಡಗಿದ. ತುತ್ತು ಕೈಯಲ್ಲಿ ಹಿಡಿದೇ ಚೆನ್ನಯ ಎದ್ದು ಬಂದ.

“ಹಬ್ಬದ ದಿನ ಕುಂಕುಮ ಒರೆಸುದಾ! ಚಂದ್ರಬಾಯಕ್ಕ ನನ್ನನ್ನೂ ಸೇರ್ಸಿ ಬೈತಾರೆ, ನೋಡಿ.”

“ಹಾಕುವಾಗ ಯಾವದರೆ ಬೋಲ್ಟು ಬಿಗಿ ಅನ್ನಿಸಿತ್ತೇನ?” ಎಂದ ಶಂಕ್ರೆಪ್ಪ. ಬಾಯಿ ಅಗಲಿದ್ದರಲ್ಲಿ ಬೋಲ್ಟು ನೆಟ್ಟಗೆ ಕೂರದೆ ಬಿಗಿಯಾಗುತ್ತದೆ.

ಚೆನ್ನಯ ಯೋಚಿಸಿದ. “ಒಂದರದ್ದು ಸ್ವಲ್ಪ ಗಟ್ಟಿ ಇತ್ತು. ಎಣ್ಣೆ, ಕುಂಕುಮ ಹೋಗಿ ಕೂತಿರ್ಬೇಕು ಅಂತ ಪಕ್ಕಡಿನಲ್ಲಿ ಹಿಡಿದು ತಿರುಗಿಸಿದೆ. ಯಾವ ಬದಿಯದ್ದು ಅಂತ ನೆನಪಿಲ್ಲ.”

ಹದಿಮೂರರ ಕುಂಕುಮವೂ ಅಳಿಯಿತು. ಕೆಳಗೆ ಬೂದುಬಣ್ಣದ ಉಕ್ಕು. ಒಂದರಲ್ಲೂ ಕೆಂಪು ಬಣ್ಣವಿಲ್ಲ, ಒಂದರ ಬಾಯಿಯೂ ಅಗಲಿಲ್ಲ. ಅಂದರೆ ಅದು ಮೇಲಿದೆ. ಶಂಕ್ರೆಪ್ಪ ತಲೆಯೆತ್ತಿ ನೋಡಿದ. ಮೂವತ್ತು ಅಡಿ ಎತ್ತರದಲ್ಲಿ ಹನ್ನೆರಡು ಕೆಂಪು ಚುಕ್ಕೆಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ಗಂಟೆ ಎರಡೂಕಾಲು. ಕಾರ್ಯಕ್ರಮ ಐದಕ್ಕೆ. ಎರಡೂ ಬದಿ ಇಳಿಸಿ, ಬಿಚ್ಚಿ, ಮತ್ತೆ ಏರಿಸಿ, ಸದ್ದು ಹೊಂದಿಸಲು ನಾಲ್ಕು ಗಂಟೆ ಬೇಕು. ನಿಜವನ್ನು ಬಲ್ಲವನು ಅವನೊಬ್ಬನೇ. ಶ್ಯಾಕಲ್ಲಿನ ಮೇಲೆ ಬರೆದ ತೂಕದ ಐದು ಪಟ್ಟನ್ನು ಅದು ತಾಳುತ್ತದೆಂದು ನಿಶ್ಮಿತಾಳೇ ಹೇಳಿಕೊಟ್ಟಿದ್ದಳು. ಅಂದು ಟ್ರಕ್ಕು ಗುದ್ದಿದಾಗ ತಾಳಿದ್ದು ಇಂದು ಮೂರು ತಾಸು ಸುಮ್ಮನೆ ತೂಗಿದರೆ ತಾಳದೆ? ತಾಯಿ ಒಮ್ಮೆ ಹಿಡಿದಳು, ಮತ್ತೊಮ್ಮೆ ಹಿಡಿಯುವುದಿಲ್ಲವೆ?

ಮನುಷ್ಯನ ಮನಸ್ಸು ತನ್ನ ಭಯವನ್ನು ಎಷ್ಟು ಬೇಗ ಭಕ್ತಿಯ ವಸ್ತ್ರದಲ್ಲಿ ಸುತ್ತಿಡುತ್ತದೆ! ಶಂಕ್ರೆಪ್ಪನಿಗೆ ಪೆಟ್ಟಿಗೆಗಳು ಬೀಳುವ ಭಯ ಒಂದು ಪಾಲಾದರೆ, ತನ್ನ ಮಾತು ಬೀಳುವ ಭಯ ಮೂರು ಪಾಲು. ಇಪ್ಪತ್ತೆರಡು ವರ್ಷ ಅವನು ಗಳಿಸಿದ್ದು ಅದೊಂದೇ. ಮಕ್ಕಳ ಓದು, ಚಾಳಿನ ಖೋಲಿ ಎಲ್ಲವೂ ಆ ಮಾತಿನ ನೆರಳಿನಲ್ಲಿ ಬಂದವು. ಎಡಗಡೆಯ ಟವರಿನಾಚೆ, ಹಗ್ಗದ ಬೇಲಿಗೆ ತಾಗಿದಂತೆ, ಭಜನೆಯ ಹೆಂಗಸರು ಜಮಖಾನೆ ಹಾಸಿ ತಾಳ ಸರಿಮಾಡಿಕೊಳ್ಳುತ್ತಿದ್ದರು. ಒಬ್ಬಾಕೆ ಇವನನ್ನು ನೋಡಿ, “ಅಣ್ಣಾ, ನೆರಳಿಗೆ ಇನ್ನೂ ಸ್ವಲ್ಪ ಒಳಗೆ ಕೂತರೆ ಆಗ್ತದಾ?” ಎಂದು ಕೇಳಿದಳು.

“ಬ್ಯಾಡ್ರಿ ತಾಯಿ. ಆಚೀಕ ಸರೀರಿ, ಇನ್ನೂ ಆಚೀಕ,” ಎಂದ. ಹಾಗೆ ಹೇಳುತ್ತಿದ್ದಂತೆ ಕಾಲು ತಾನಾಗಿ ನಿಶ್ಮಿತಾಳ ಮೇಜಿನ ಕಡೆಗೆ ನಡೆಯಿತು. ಭಗವಂತ ಕೆಲವೊಮ್ಮೆ ಹೀಗೆಯೇ ದಾರಿ ತೋರುತ್ತಾನೆ. ನಮ್ಮ ಬಾಯಿಂದ ಇನ್ನೊಬ್ಬರಿಗೆ ಆಡಿಸಿದ ಮಾತನ್ನು ನಮಗೇ ಕೇಳಿಸುತ್ತಾನೆ.

ನಿಶ್ಮಿತಾ ಲ್ಯಾಪ್‌ಟಾಪಿನ ಮುಂದೆ ಕುಳಿತು, ಮಳೆ ಸುರಿದಂತೆ ಕೇಳುವ ಸದ್ದನ್ನು ಸ್ಪೀಕರುಗಳಿಗೆ ಬಿಟ್ಟು ಅಳೆಯುತ್ತಿದ್ದಳು.

“ನಿಶ್ಮಿತಾಬಾಯಿ, ಎರಡೂ ಸಾಲು ಕೆಳಗ ಇಳಸಬೇಕು.”

“ಕ್ಯಾ? ಕಾಕಾ, ಮಜಾಕ್ ಮತ್ ಕರೋ. ಟ್ಯೂನಿಂಗ್ ಮುಗೀತಾ ಬಂತು.”

“ಮ್ಯಾಲ ಒಂದ ಕೆಟ್ಟ ಶ್ಯಾಕಲ್ ಹೋಗೇತಿ.”

“ಕೆಟ್ಟದ್ದು ನಮ್ಮ ಹತ್ರ ಎಲ್ಲಿದೆ? ಸಬ್ ಕಾಟ್ ದಿಯಾ ನಾ.”

“ಘಣಸೋಲೀದು ಕಟ್ ಮಾಡಿಲ್ಲವಾ. ಮನಿಯಾಗ ಇಟಗೊಂಡಿದ್ದೆ. ನಿಮಗ ಸುಳ್ಳ ಹೇಳಿದ್ದೆ.”

ಅವಳು ಸದ್ದನ್ನು ನಿಲ್ಲಿಸಿದಳು. ಮೈದಾನದಲ್ಲಿ ತಾಳದ ದನಿಯೊಂದೇ ಉಳಿಯಿತು.

“ತೀನ್ ಸಾಲ್?” ಎಂದಳು.

“ಮೂರ ವರ್ಷ.”

“ನಾನು ಎಲ್ಲರ ಕೆಲಸ ಚೆಕ್ ಮಾಡ್ತೀನಿ ಕಾಕಾ. ನಿಮ್ಮದು ಮಾತ್ರ ಯಾವತ್ತೂ ಮಾಡಿಲ್ಲ.” ಅವಳ ಕನ್ನಡ ಅಲ್ಲಿಗೆ ಮುಗಿಯಿತು. ಮುಂದಿನದನ್ನು ಹಿಂದಿಯಲ್ಲಿ ಹೇಳಿದಳು, ಅದನ್ನಿಲ್ಲಿ ಬರೆಯಬೇಕಾಗಿಲ್ಲ.

ಬೆಲ್ಟು ಕಟ್ಟಿಕೊಂಡು ಟವರು ಹತ್ತಿ, ಮೇಲೆಯೇ ಒರೆಸಿ ನೋಡಿ ಬರುತ್ತೇನೆಂದು ಚೆನ್ನಯ ಮುಂದಾದ.

“ಭಾರ ಹೊತ್ತ ಬೋಲ್ಟಿನ ಹತ್ರ ಕೈ ಒಯ್ಯಾಕ ಬಿಡೂದಿಲ್ಲ,” ಎಂದ ಶಂಕ್ರೆಪ್ಪ. “ಸಿಕ್ಕರೂ ಅಲ್ಲೇ ಬದಲಿ ಮಾಡಾಕ ಬರೂದಿಲ್ಲ. ಇಳಸೂದ.”

ಮೋಟಾರುಗಳು ಗುರುಗುಟ್ಟಿ ಪೆಟ್ಟಿಗೆಗಳು ಕೆಳಗೆ ಬರತೊಡಗಿದಾಗ ಮಂಡಳಿಯ ಕಾರ್ಯದರ್ಶಿ ಲಕ್ಷ್ಮೀಕಾಂತ ರೇಷ್ಮೆ ಪಂಚೆಯನ್ನು ಎತ್ತಿ ಹಿಡಿದುಕೊಂಡು ಓಡಿಬಂದರು.

“ಏನ್ರೀ ಇದು, ಇಳಿಸ್ತಾ ಇದೀರಾ? ಐದಕ್ಕೆ ದೀಪ ಹಚ್ಚಬೇಕು! ಮುಖ್ಯ ಅತಿಥಿಗಳು ಆಗಲೇ ಹೊರಟಿದಾರೆ!”

“ತಪ್ಪ ನಂದ್ರೀ ಸಾಹೇಬ್ರ. ಹಾಕಬಾರದ್ದ ಒಂದ ಹಾಕೇವಿ.”

“ತಪ್ಪು ಯಾರದ್ದಾದ್ರೂ ಇರಲಿ. ಸ್ಪೀಕರ್ ಇಲ್ದೆ ನಾನೇನು ಕೂಗಲಾ?”

“ಕೂಗಿ ಸರ್,” ಎಂದ ಚೆನ್ನಯ ಸರಪಳಿಯಿಂದ ಕಣ್ಣು ತೆಗೆಯದೆ. “ನಿಮ್ಮ ಗಂಟಲಿಗೆ ಟವರ್ ಬೇಡ.”

ಲಕ್ಷ್ಮೀಕಾಂತರ ಮುಖ ಕೆಂಪಾಯಿತು. ನಿಶ್ಮಿತಾ ನಡುವೆ ಬಂದಳು. ವೇದಿಕೆಯ ಮೇಲಿನ ಎರಡು ಸಣ್ಣ ಸ್ಪೀಕರುಗಳಲ್ಲಿ ಐದಕ್ಕೆ ಸರಿಯಾಗಿ ದೀಪವೂ ಭಜನೆಯೂ ನಡೆಯಲಿ, ಜನರನ್ನು ವೇದಿಕೆಗೆ ಹತ್ತಿರ, ಟವರುಗಳಿಂದ ದೂರ ಕೂರಿಸಿರಿ, ಭಾಷಣಗಳ ಹೊತ್ತಿಗೆ ದೊಡ್ಡವನ್ನು ಕೊಡುತ್ತೇವೆ ಎಂದಳು. ಕಾರಣ ಕೇಳಿದಾಗ, “ನಮ್ಮದೇ ಮಿಸ್ಟೇಕ್” ಎಂದಳೇ ಹೊರತು ಶಂಕ್ರೆಪ್ಪನ ಹೆಸರೆತ್ತಲಿಲ್ಲ. ಅವನೇ ಆಗಲೇ ಎತ್ತಿದ್ದ.

ಎಡಬದಿಯ ಆರನ್ನೂ ಬಿಚ್ಚಿ ಒರೆಸಿದರು. ಇರಲಿಲ್ಲ. ಬಲಬದಿಯಲ್ಲಿ ಭಾರ ಹೊತ್ತ ನಾಲ್ಕನ್ನು ಒರೆಸಿದರು. ಅಲ್ಲಿಯೂ ಇರಲಿಲ್ಲ. ಉಳಿದವು ಸೇಫ್ಟಿ ಹಗ್ಗದ ಎರಡು. ಮೊದಲನೆಯದರ ಬೋಲ್ಟು ಕೈಗೆ ಬರಲಿಲ್ಲ. ಪಕ್ಕಡು ಹಾಕಿ ತಿರುಗಿಸಬೇಕಾಯಿತು. ಸೀಮೆಎಣ್ಣೆಯ ಅರಿವೆಗೆ ಕುಂಕುಮ ಬಂತು, ಅದರಡಿಯಲ್ಲಿ ಮಾಸಿದ ಕೆಂಪು ಬಣ್ಣ, ಎರಡು ನೂಲಿನಷ್ಟು ಅಗಲಿದ ಬಾಯಿ.

“ಇಸ್ ಪೆ ತೋ ಲೋಡ್ ಹೀ ನಹೀ ಥಾ,” ಎಂದಳು ನಿಶ್ಮಿತಾ.

“ಭಾರವೇ ಇಲ್ಲದ ಜಾಗದಲ್ಲಿ ಕೂತು ನಮ್ಮನ್ನು ಕುಣಿಸ್ತಲ್ಲ!” ಎಂದು ಚೆನ್ನಯ ನೆಲಕ್ಕೆ ಕುಸಿದ. “ಹಾಗೇ ಬಿಟ್ಟಿದ್ರೂ ಏನೂ ಆಗ್ತಿರ್ಲಿಲ್ಲ ಶಂಕ್ರಣ್ಣ.”

ಶಂಕ್ರೆಪ್ಪನಿಗೂ ಒಂದು ಕ್ಷಣ ಹಾಗೆಯೇ ಅನ್ನಿಸಿತು. ಮರುಕ್ಷಣ ಕಣ್ಣು ಸೇಫ್ಟಿ ಹಗ್ಗದ ಮೇಲೆ ಹೋಯಿತು. ಉಳಿದೆಲ್ಲವೂ ಕೈಬಿಟ್ಟ ದಿನ ಹಿಡಿಯಲೆಂದೇ ಕಟ್ಟುವ ಹಗ್ಗ ಅದು. ಆ ದಿನ ಬರದೆ ಹೋಗಬಹುದು, ನೂರು ಸಭೆಗಳಲ್ಲಿ ಬಂದಿಲ್ಲ. ಆದರೆ ಕಾವಲಿಗೆ ನಿಲ್ಲಿಸಿದವನು ಬಲಹೀನನೆಂದು ತಿಳಿದೂ ಮನೆಯವರನ್ನು ಮಲಗಲು ಕಳಿಸುವುದು ಎಂಥ ಗೃಹಸ್ಥಧರ್ಮ? ಎಂಟು ವರ್ಷ ತಾನು ಕೃತಜ್ಞತೆಯನ್ನು ಎಲ್ಲಿಗೆ ಸಲ್ಲಿಸುತ್ತ ಬಂದೆನೆಂಬುದು ಅವನಿಗೆ ಆಗ ಹೊಳೆಯಿತು. ಉಳಿಸಿದ ಕೈಗೆ ಮುಗಿಯುವುದನ್ನು ಬಿಟ್ಟು, ಆ ಕೈ ಹಿಡಿದಿದ್ದ ಕಬ್ಬಿಣಕ್ಕೆ ಮುಗಿದಿದ್ದ. ಆ ಕಬ್ಬಿಣಕ್ಕಾಗಿ ಸುಳ್ಳನ್ನೂ ಆಡಿದ್ದ.

ಕಬ್ಬಿಣ ಕೊಯ್ಯುವ ಗ್ರೈಂಡರನ್ನು ಅವನೇ ಕೇಳಿ ಪಡೆದ. ಕನ್ನಡಕ ಹಾಕಿಕೊಂಡು, ಶ್ಯಾಕಲ್ಲನ್ನು ಕಚ್ಚಿ ಹಿಡಿಯುವ ವೈಸಿಗೆ ಬಿಗಿದು, ನಡುವೆ ಕೊಯ್ದ. ಕಿಡಿಗಳು ಹುಲ್ಲಿನ ಮೇಲೆ ಬಿದ್ದು ಆರಿದವು. ಎರಡು ತುಂಡು ಬಿಸಿಯಾಗಿದ್ದವು. ಆರುವ ತನಕ ಕಾದು ನಿಶ್ಮಿತಾಳ ಕೈಗೆ ಕೊಟ್ಟ. ಅವಳು ಚೀಲಕ್ಕೆ ಹಾಕಿಕೊಂಡಳು.

ದೀಪ ಐದಕ್ಕೆ ಹೊತ್ತಿತು. ಜನರೆಲ್ಲ ವೇದಿಕೆಗೆ ಒತ್ತಿ ಕುಳಿತು, ಸಣ್ಣ ಸ್ಪೀಕರಿನಲ್ಲಿ ಸಾಲದ್ದನ್ನು ತಾವೇ ದನಿಗೂಡಿಸಿ ತುಂಬಿದರು. ಆರು ಇಪ್ಪತ್ತಕ್ಕೆ ಎರಡೂ ಸಾಲು ಮತ್ತೆ ಮೇಲೇರಿ ಮಾತಾಡತೊಡಗಿದವು. ಲಕ್ಷ್ಮೀಕಾಂತರು ಸ್ವಾಗತ ಭಾಷಣವನ್ನು ಎರಡನೆಯ ಸಲ ಮಾಡಿದರು. ಕೊನೆಯ ಸಾಲಿನ ತನಕ ಕೇಳಿಸಿತು.

ತಪಾಸಣೆಯ ಹಾಳೆಯನ್ನು ಶಂಕ್ರೆಪ್ಪ ಹೊಸದಾಗಿ ತುಂಬಿಸಿದ. ತಡವಾದ ಕಾರಣವನ್ನು ತನ್ನ ಹೆಸರಿನಲ್ಲೇ ಬರೆಯಲು ಹೇಳಿದ. ನಿಶ್ಮಿತಾ ಬರೆದಳು. ಆಮೇಲೆ ಪೆನ್ನನ್ನು ಅವನ ಕೈಗೆ ಕೊಡುವ ಮೊದಲು ಹೇಳಿದಳು:

“ಕಾಕಾ, ಇನ್ಮೇಲೆ ನಿಮ್ಮ ಒಬ್ಬರ ಸೈನ್ ಚಲೇಗಾ ನಹೀ. ಚೆನ್ನಯ ಅಂಕಲ್ ಕೂಡ ನೋಡಿ ಸೈನ್ ಮಾಡಬೇಕು.”

“ನಾನಾ? ಆ ಗಟ್ಟಿ ಬೋಲ್ಟನ್ನು ಪಕ್ಕಡು ಹಾಕಿ ತಿರುಗಿಸಿದವ ನಾನೇ ಮಾರಾಯ್ತಿ!” ಎಂದ ಚೆನ್ನಯ.

“ಅದಕ್ಕೇ. ಇನ್ನು ಮರೆಯೋದಿಲ್ಲ ನೀವು.”

“ಸರಿ ಐತಿ,” ಎಂದ ಶಂಕ್ರೆಪ್ಪ. ತನ್ನ ಹೆಸರಿನ ಪಕ್ಕದಲ್ಲಿ ಅಷ್ಟೇ ಅಗಲದ ಜಾಗ ಬಿಟ್ಟು ಬರೆದ.

ಇನ್ನು ಮುಂದೆ ಖಂಡೇನವಮಿಯ ಕುಂಕುಮವನ್ನು ಸಾಮಾನು ತುಂಬುವ ಮರದ ಪೆಟ್ಟಿಗೆಯ ಹೊರಮೈಗೆ ಮಾತ್ರ ಹಚ್ಚುವುದೆಂದು ಚಂದ್ರಬಾಯಿ ಒಪ್ಪಿದಳು. ಮೋಹನದಾಸರು ಶಂಕ್ರೆಪ್ಪನನ್ನು ಕೆಲಸದಿಂದ ತೆಗೆಯಲಿಲ್ಲ. ಒಂದು ತಿಂಗಳು ಮಾತು ಕಡಿಮೆ ಮಾಡಿದರು, ಅಷ್ಟೆ.

ದೀಪಾವಳಿ ಕಳೆದ ಮೇಲೆ ಠಾಣೆಯ ಒಂದು ಸಭಾಗೃಹದಲ್ಲಿ ಕೆಲಸವಿತ್ತು. ಚೆನ್ನಯ ಹೊಸ ಅಧಿಕಾರದ ಹುರುಪಿನಲ್ಲಿ ಒಂದೊಂದು ಶ್ಯಾಕಲ್ಲನ್ನೂ ಕಿವಿಯ ಹತ್ತಿರ ಹಿಡಿದು ತಟ್ಟಿ, ಮೂಗಿನ ಹತ್ತಿರ ತಂದು, ಅಕ್ಕಸಾಲಿಗನಂತೆ ತಿರುಗಿಸಿ ನೋಡುತ್ತಿದ್ದ.

“ಇದು ನನಗೆ ಸಮ ಕಾಣುದಿಲ್ಲ ಶಂಕ್ರಣ್ಣ,” ಎಂದು ಒಂದನ್ನು ಬದಿಗಿಟ್ಟ.

ಶಂಕ್ರೆಪ್ಪ ಅದನ್ನು ಕೈಗೆತ್ತಿಕೊಂಡ. ಬಾಯಿ ಸರಿಯಿತ್ತು, ತಿರುಪು ಸರಿಯಿತ್ತು, ಬೋಲ್ಟು ಬೆರಳ ತುದಿಗೇ ತಿರುಗಿತು. ಅವನ ಹೆಬ್ಬೆರಳಿಗೆ ಒಂದು ಕುಂದೂ ಸಿಗಲಿಲ್ಲ.

“ನಿನಗ ಯಾಕ ಸಮ ಕಾಣವಲ್ದು?”

“ಗೊತ್ತಿಲ್ಲ ಮಾರಾಯ್ರೆ. ಮನಸ್ಸಿಗೆ ಬರುದಿಲ್ಲ.”

ಶಂಕ್ರೆಪ್ಪ ವಾದ ಮಾಡಲಿಲ್ಲ. ಅದನ್ನು ಬೇರೆ ಡಬ್ಬಿಗೆ ಹಾಕಿ, ಪೆಟ್ಟಿಗೆಯಿಂದ ಇನ್ನೊಂದನ್ನು ತೆಗೆದು ಒರೆಸಿ ಚೆನ್ನಯನ ಕಡೆಗೆ ಚಾಚಿದ.